1.55ರ ಸಾಹೇಬರು

ಹುನಗುಂದದ ಸಾಹೇಬರೊಬ್ಬರಿಗೆ ವಯಸ್ಸು 48, ತೂಕ 84 ಕಿಲೋ, ಎತ್ತರ 168 ಸೆಂಟಿಮೀಟರ್. ಹೆಸರು, ಕಚೇರಿ ಕೇಳಬೇಡಿ. ಊರಿನ ಯಾವ ಓಣಿಯಲ್ಲಿ ನಿಂತು ಕಲ್ಲು ಒಗೆದರೂ ಇಂಥವರೊಬ್ಬರಿಗೆ ತಾಗಿಯೇ ತಾಗುತ್ತದೆ. ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ಕೂತಿದೆ. ಡಾಕ್ಟರು "ಮೊದ್ಲ ಹೊಟ್ಟಿ ಇಳಸ್ರಿ" ಅಂದಿದ್ದಾರೆ. ಬೆಂಗಳೂರಿನಲ್ಲಿರುವ ಮಗಳು ಅಪ್ಪನ ಫೋನಿಗೆ ಕ್ಯಾಲರಿ ಲೆಕ್ಕದ ಆ್ಯಪ್ ಹಾಕಿಸಿದ್ದಾಳೆ. ಆ್ಯಪ್ ಕೇಳಿದ್ದಕ್ಕೆಲ್ಲ ಸಾಹೇಬರು ಸತ್ಯವನ್ನೇ ಹೇಳಿದರು. ವಯಸ್ಸು ಆಧಾರ್ ಕಾರ್ಡಿನದು, ತೂಕ ಅಡತಿ ಅಂಗಡಿಯ ಕಾಟಾದ ಮೇಲೆ ನಿಂತು ನೋಡಿದ್ದು. ಕೊನೆಗೊಂದು ಪ್ರಶ್ನೆ ಬಂತು: ದಿನವೆಲ್ಲ ಎಷ್ಟು ಚಟುವಟಿಕೆಯಿಂದ ಇರುತ್ತೀರಿ?

ಉತ್ತರ ಐದು. ಕುಂತೇ ಇರುವವರಿಗೆ 1.2. ಅಷ್ಟಿಷ್ಟು ಓಡಾಡುವವರಿಗೆ 1.375. ಮಧ್ಯಮಕ್ಕೆ 1.55. ಜೋರಾಗಿ ವ್ಯಾಯಾಮ ಮಾಡುವವರಿಗೆ 1.725. ಮೈಮುರಿದು ದುಡಿಯುವವರಿಗೆ 1.9. ಸಾಹೇಬರು ತಮ್ಮ ದಿನವನ್ನು ಕಣ್ಣಮುಂದೆ ತಂದುಕೊಂಡರು. ಬೆಳಿಗ್ಗೆ ಬೈಕ್ ಮೇಲೆ ಕಚೇರಿ. ಹನ್ನೊಂದಕ್ಕೆ ಚಹಾಕ್ಕೆ ಹೋಗಿಬರುವುದು, ಮೂರಕ್ಕೆ ಇನ್ನೊಮ್ಮೆ. ಮೇಲಿನವರು ಬಂದರೆ ಎದ್ದು ನಿಲ್ಲುವುದು, ಹೋದಮೇಲೆ ಕೂರುವುದು. ಅರ್ಜಿ ಹಿಡಿದು ಬಂದವರಿಗೆ ಪಕ್ಕದ ಕೋಣೆಯತ್ತ ಕೈ ತೋರಿಸುವುದು. "ಒಟ್ನ್ಯಾಗ ಕಾಲಿಗೆ ಪುರುಸೊತ್ತಿಲ್ಲ" ಎಂದುಕೊಂಡು 1.55 ಒತ್ತಿಬಿಟ್ಟರು.

ಸೂತ್ರದ್ದೇನೂ ತಪ್ಪಿಲ್ಲ. ಅಮೆರಿಕದ ನೆವಾಡಾದಲ್ಲಿ 498 ಮಂದಿಯನ್ನು ಅಳೆದು 1990ರಲ್ಲಿ ಪ್ರಕಟಿಸಿದ ಮಿಫ್ಲಿನ್–ಸೇಂಟ್ ಜೋರ್ ಸೂತ್ರ ಅದು. ತೂಕವನ್ನು ಹತ್ತರಿಂದ ಗುಣಿಸಿ, ಎತ್ತರವನ್ನು ಆರೂಕಾಲರಿಂದ ಗುಣಿಸಿ ಕೂಡಿಸಿ. ವಯಸ್ಸನ್ನು ಐದರಿಂದ ಗುಣಿಸಿ ಕಳೆಯಿರಿ. ಗಂಡಸಾದರೆ ಐದು ಕೂಡಿಸಿ, ಹೆಂಗಸಾದರೆ 161 ಕಳೆಯಿರಿ. ಉಳಿದದ್ದು ದಿನವಿಡೀ ಸುಮ್ಮನೆ ಬಿದ್ದುಕೊಂಡಿದ್ದರೂ ಎದೆ ಬಡಿದುಕೊಳ್ಳಲು, ಉಸಿರಾಡಲು, ಮೈ ಬೆಚ್ಚಗಿರಲು ಬೇಕಾದ ಕ್ಯಾಲರಿ. ಸಾಹೇಬರದು 1655. ನೆವಾಡಾದವರ ಮೈಗೂ ನಮ್ಮ ಮೈಗೂ ತುಸು ಫರಕಿದೆ, ಪಾಶ್ಚಾತ್ಯ ಸೂತ್ರ ಹೇಳುವುದಕ್ಕಿಂತ ಭಾರತೀಯರ ಮೂಲ ಖರ್ಚು ಸ್ವಲ್ಪ ಕಡಿಮೆಯೇ ಇರುತ್ತದೆ ಎಂದು ಕಂಡಿದ್ದಾರೆ. ಅದನ್ನೂ ಬಿಡಿ. ನಮ್ಮ ಕಥೆ ಇರುವುದು ಗುಣಿಸುವ ಕಡೆ.

1655ನ್ನು 1.55ರಿಂದ ಗುಣಿಸಿದರೆ 2565. ತೂಕ ಇಳಿಸಲು 500 ಕಳೆ ಎಂಬುದು ಚಾಲ್ತಿಯ ವಾಡಿಕೆ, ಉಳಿಯಿತು 2065. "ಇಷ್ಟು ಉಣ್ರಿ, ಇಳೀತೀರಿ" ಎಂದು ಆ್ಯಪ್ ಅಪ್ಪಣೆ ಕೊಟ್ಟಿತು. ಆದರೆ ಸಾಹೇಬರ ನಿಜವಾದ ಸಾಲು 1.2. ಅದರ ಪ್ರಕಾರ ಅವರ ಮೈ ದಿನಕ್ಕೆ ಸುಡುವುದೇ 1986. ಅಂದರೆ ಪಥ್ಯವನ್ನು ಕಟ್ಟುನಿಟ್ಟಾಗಿ, ಒಂದು ತುತ್ತೂ ಆಚೀಚೆ ಆಗದಂತೆ ಪಾಲಿಸಿದರೆ ದಿನಕ್ಕೆ 79 ಕ್ಯಾಲರಿ ಜಮೆ. ಪಥ್ಯ ಮಾಡಿಯೇ ದಪ್ಪಗಾಗುವ ಈ ಯೋಗ ಎಲ್ಲರ ಜಾತಕದಲ್ಲಿ ಇರುವುದಿಲ್ಲ.

ಎರಡು ತಿಂಗಳಾದರೂ ಕಾಟಾ ಕದಲಲಿಲ್ಲ. ಸಾಹೇಬರ ತೀರ್ಮಾನ: "ಈ ಫಾರ್ಮುಲಾ ನಮ್ಮ ಕಡಿ ಹವಾಕ್ಕ ಒಗ್ಗಂಗಿಲ್ರೀ."

ಒಗ್ಗುತ್ತದೆ. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಇಂಥದೇ ದೂರು ಹೇಳುವ ಹತ್ತು ಜನರನ್ನು ಹಿಡಿದು ಪರೀಕ್ಷಿಸಿದ್ದರು. ದಿನಕ್ಕೆ 1200 ಕ್ಯಾಲರಿಗಿಂತ ಹೆಚ್ಚು ತಿನ್ನುವುದಿಲ್ಲ, ಆದರೂ ತೂಕ ಇಳಿಯುವುದಿಲ್ಲ ಎನ್ನುವವರು ಅವರು. ವಿಶೇಷ ನೀರು ಕುಡಿಸಿ ಮೈಯ ನಿಜವಾದ ಖರ್ಚು ಅಳೆದು ನೋಡಿದರೆ, ಅವರ ಮೈಯಲ್ಲಿ ಯಾವ ಮಾಯೆಯೂ ಇರಲಿಲ್ಲ. ತಿಂದದ್ದನ್ನು ಸರಾಸರಿ ಶೇಕಡಾ 47 ಕಡಿಮೆ ಹೇಳಿದ್ದರು, ಮೈ ಆಡಿಸಿದ್ದನ್ನು ಶೇಕಡಾ 51 ಹೆಚ್ಚು ಹೇಳಿದ್ದರು. ಬೇಕೆಂದೇ ಸುಳ್ಳು ಹೇಳಿದವರಲ್ಲ. ಪಾಪ, ನಂಬಿಯೇ ಹೇಳಿದ್ದರು. ಹುನಗುಂದಕ್ಕೂ ನ್ಯೂಯಾರ್ಕಿಗೂ ಇಷ್ಟು ಹತ್ತಿರದ ಬೀಗತನ ಇದೆ ಎಂದು ನನಗೆ ಗೊತ್ತಿರಲಿಲ್ಲ.

ತಿಂದದ್ದನ್ನು ಕಡಿಮೆ ಹೇಳುವ ವಿದ್ಯೆಯಲ್ಲಿ ನಾವು ಅವರಿಗಿಂತ ಒಂದು ಕೈ ಮೇಲೆ. ಯಾಕೆಂದರೆ ನಮ್ಮಲ್ಲಿ ಊಟ ಎನ್ನಿಸಿಕೊಳ್ಳುವುದು ತಾಟಿನ ಮುಂದೆ ಕೂತು ಉಂಡದ್ದು ಮಾತ್ರ. ನಿಂತು ತಿಂದದ್ದು ಲೆಕ್ಕಕ್ಕಿಲ್ಲ. ಸಂಜೆ ಬಸ್‌ಸ್ಟ್ಯಾಂಡ್ ಕಡೆ ಗೆಳೆಯರು ಕೂಡಿದಾಗ ಬಂದ ಗಿರಮಿಟ್ಟು ಮಾತಿನ ಖರ್ಚು. ಅದರ ಜೊತೆಗಿನ ಎರಡು ಮಿರ್ಚಿ ಬಜಿ ಸ್ನೇಹದ ಖರ್ಚು. ಬಾಗಲಕೋಟೆಗೆ ಮೀಟಿಂಗಿಗೆ ಹೋಗಿ ಬರುವಾಗ ಅಮೀನಗಡದಲ್ಲಿ ಗಾಡಿ ತಾನಾಗಿಯೇ ನಿಲ್ಲುತ್ತದೆ, ಅದು ಇಂಜಿನ್ನಿನ ದೋಷ. ಕರದಂಟಿಗೆ ಸಾಹೇಬರಲ್ಲಿ ವೈದ್ಯಕೀಯ ಸಮರ್ಥನೆಯೇ ಇದೆ: "ಡ್ರೈಫ್ರೂಟ್ಸ್ ಐತ್ರಿ ಅದರಾಗ, ಹೆಲ್ದಿ." ಐತಿ, ನಿಜ. ತುಪ್ಪದಲ್ಲಿ ಅರಳಿಸಿದ ಅಂಟೂ ಐತಿ, ಬೆಲ್ಲದ ಪಾಕವೂ ಐತಿ, ಒಣಕೊಬ್ಬರಿಯೂ ಐತಿ. ಬಾಣಂತಿ ಎದ್ದು ನಿಲ್ಲಲಿ ಎಂದು ತಿನ್ನಿಸುವ ತಿನಿಸನ್ನು, ಕೂತಲ್ಲಿಂದ ಏಳದ ಗಂಡಸು ಆರೋಗ್ಯಕ್ಕೆಂದು ತಿನ್ನುವುದನ್ನು ಕರದಂಟು ಕಟ್ಟಿದ ಮಂದಿ ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

ಇನ್ನು ರೊಟ್ಟಿ. ಆ ಬಡಪಾಯಿಯ ಮೇಲೆ ಊರಿನ ಪಥ್ಯಗಾರರೆಲ್ಲ ಮೊದಲು ಕತ್ತಿ ಬೀಸುವುದು. ನೂರು ಗ್ರಾಂ ಜೋಳದಲ್ಲಿ ಸುಮಾರು 350 ಕ್ಯಾಲರಿ, ಹತ್ತು ಗ್ರಾಂ ಪ್ರೋಟೀನು, ಹೊಟ್ಟೆ ತುಂಬಿಸುವ ನಾರು. ತಪ್ಪು ರೊಟ್ಟಿಯದಲ್ಲ, ಅದರ ಮೇಲೆ ಹತ್ತಿ ಕೂತದ್ದರದು. ಎಣ್ಣೆ ಗ್ರಾಂಗೆ ಒಂಬತ್ತು ಕ್ಯಾಲರಿ. ಒಂದು ದೊಡ್ಡ ಚಮಚಕ್ಕೆ 120. ಎಣ್ಣಿಗಾಯಿ ಬದನೆಕಾಯಿಯಲ್ಲಿ ಎಣ್ಣೆ ಮೇಲೆ ತೇಲದಿದ್ದರೆ ಮಾಡಿದವಳ ತವರಿನ ಮರ್ಯಾದೆ ಮುಳುಗುತ್ತದೆ. ಶೇಂಗಾ ಚಟ್ನಿಗೆ ಕುಣಿ ಮಾಡಿ ಎಣ್ಣೆ ಹೊಯ್ದುಕೊಳ್ಳದವನನ್ನು ಪಂಕ್ತಿಯಲ್ಲಿ ಎಲ್ಲರೂ "ಮೈಯಾಗ ಆರಾಮಿಲ್ಲೇನು?" ಎಂದು ವಿಚಾರಿಸುತ್ತಾರೆ. ಸಾಹೇಬರು ರೊಟ್ಟಿ ನಾಲ್ಕರಿಂದ ಎರಡಕ್ಕೆ ಇಳಿಸಿದರು, ಎಣ್ಣೆಯ ತಂಟೆಗೆ ಹೋಗಲಿಲ್ಲ. ಆ್ಯಪಿನಲ್ಲಿ 'ಬದನೆಕಾಯಿ, ಒಂದು ಬಟ್ಟಲು' ಎಂದು ಬರೆದುಕೊಂಡರು. ಶ್ರಾವಣದ ಪಂಚಮಿಯಲ್ಲಂತೂ ಆ್ಯಪನ್ನೇ ತೆಗೆಯಲಿಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಬೀಗರ ಮನೆಯಿಂದ ಬಂದ ರವೆ ಉಂಡಿ. ಹಬ್ಬದ ಉಂಡಿ ಎಣಿಸುವುದು ಅಪಶಕುನ.

ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ನಿಮ್ಮ ದುಶ್ಚಟವನ್ನು ಇದಕ್ಕೆ ಹಾಕಿ ಎಂದು ಬೇಡಿದವರು. ಬೀಡಿ, ಗುಟ್ಕಾ, ಸಾರಾಯಿ ಆ ಜೋಳಿಗೆಗೆ ಬಿದ್ದವು. 2018ರಲ್ಲಿ ಅವರು ಲಿಂಗೈಕ್ಯರಾದರು; ಅವರು ಹುಟ್ಟಿದ ದಿನವಾದ ಆಗಸ್ಟ್ 1ನ್ನು ಸರ್ಕಾರ ಇವತ್ತಿಗೂ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಅಂಥ ಸ್ವಾಮಿಗಳೂ ಮಿರ್ಚಿ ಬಜಿ ಹಾಕಿ ಎಂದು ಕೇಳಿದ್ದು ನಾನಂತೂ ಕೇಳಿಲ್ಲ. ದೊಡ್ಡವರಿಗೆ ತಮ್ಮ ಭಕ್ತರ ಮಿತಿ ಗೊತ್ತಿರುತ್ತದೆ.

ಆ್ಯಪ್ ಕೈಕೊಟ್ಟಮೇಲೆ ಸಾಹೇಬರು ಜಿಮ್ಮಿಗೆ ಹೋದರು. ಹುಡುಗ ಟ್ರೇನರ್ ಒಂದು ಸುತ್ತು ಹಾಕಿ ನೋಡಿ, "ಅಂಕಲ್, ನಿಮಗ ಫ್ಯಾಟ್ ಲಾಸೂ ಬೇಕು, ಟೋನಿಂಗೂ ಬೇಕು" ಅಂದ. ಈ ಟೋನಿಂಗ್ ಎನ್ನುವುದು ಸದ್ಯಕ್ಕೆ ಜಿಮ್ಮುಗಳಲ್ಲಿ ಅತಿ ಹೆಚ್ಚು ಖರ್ಚಾಗುವ ಮಾಲು. ಹೊಟ್ಟೆ ಟೋನ್, ತೋಳು ಟೋನ್, ಗದ್ದ ಟೋನ್, ಎಲ್ಲಕ್ಕೂ ಬೇರೆಬೇರೆ ದರ. ಮೈ ಮಾತ್ರ ಇಂಥ ಬಿಡಿ ವ್ಯಾಪಾರ ಒಪ್ಪುವುದಿಲ್ಲ. ನೂರು ಸಲ ಹೊಟ್ಟೆ ಮಡಚಿದರೆ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ, ಮೇಲಿನ ಕೊಬ್ಬು ಇದ್ದಲ್ಲೇ ಇರುತ್ತದೆ; ಎಲ್ಲಿಂದ ಮೊದಲು ಕರಗಬೇಕೆಂಬುದು ಮೈಯ ಮರ್ಜಿ, ಟ್ರೇನರನದಲ್ಲ. ಸ್ನಾಯು ಉಳಿಯಬೇಕು, ಅದರ ಮೇಲಿನ ಕೊಬ್ಬು ತೆಳುವಾಗಬೇಕು. ಟೋನಿಂಗ್ ಅಂದರೆ ಇಷ್ಟೇ.

ಸ್ನಾಯು ಉಳಿಸದೆ ತೂಕ ಮಾತ್ರ ಇಳಿಸಿದರೆ ಏನಾಗುತ್ತದೆಂದು ನೋಡಲು ಜಿಲ್ಲೆ ಬಿಟ್ಟು ಹೊರಗೆ ಹೋಗಬೇಕಾಗಿಲ್ಲ. ಬಾದಾಮಿಯ ಒಂದನೆಯ ಗುಹೆಗೆ ಹೋಗಿ. ಅರ್ಧನಾರೀಶ್ವರನ ಪಕ್ಕ ಎಲುಬಿನ ಹಂದರವೊಂದು ಕೈಮುಗಿದು ನಿಂತಿದೆ: ಭೃಂಗಿ. ಶಿವನೊಬ್ಬನಿಗೇ ಸುತ್ತು ಬರುತ್ತೇನೆ, ನಿನಗೆ ಬರುವುದಿಲ್ಲ ಎಂದು ಹಟ ಹಿಡಿದದ್ದಕ್ಕೆ ಪಾರ್ವತಿ ಅವನ ರಕ್ತಮಾಂಸವನ್ನೆಲ್ಲ ಕಸಿದುಕೊಂಡಳಂತೆ. ತೂಕ ಇಳಿಯಿತು, ನಿಲ್ಲಲು ತ್ರಾಣ ಉಳಿಯಲಿಲ್ಲ. ಕೊನೆಗೆ ಶಿವ ಮೂರನೆಯ ಕಾಲು ಕೊಡಬೇಕಾಯಿತು. ಆರನೆಯ ಶತಮಾನದ ಶಿಲ್ಪಿ ಕ್ರ್ಯಾಶ್ ಡಯಟ್ಟಿನ ಫಲಿತಾಂಶವನ್ನು ಕಲ್ಲಿನಲ್ಲಿ ಕೊರೆದಿಟ್ಟಿದ್ದಾನೆ, ನಾವು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು ಹೊಟ್ಟೆ ಒಳಗೆಳೆದುಕೊಂಡು ಬರುತ್ತೇವೆ. ಅದೇ ಗುಹೆಯ ಅಡಿಪಾಯದ ಉದ್ದಕ್ಕೂ ಡೊಳ್ಳು ಹೊಟ್ಟೆಯ ಗಣಗಳು ಕುಣಿಯುತ್ತಿವೆ ಎಂಬುದು ಸಾಹೇಬರಿಗೆ ಸಮಾಧಾನ ಕೊಟ್ಟ ವಿಷಯ. "ನೋಡ್ರಿ, ಶಿವನ ಸ್ಟಾಫೆಲ್ಲ ನಮ್ಮಂಗ ಐತಿ" ಅಂದರು.

ಭೃಂಗಿಯಾಗದಿರಲು ಬೇಕಾದದ್ದು ಭಾರ ಎತ್ತುವುದು ಮತ್ತು ಪ್ರೋಟೀನು. ಸುಮ್ಮನಿರುವವನಿಗೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನು ಸಾಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಕಡಿಮೆ ಉಂಡು ಭಾರ ಎತ್ತುವವನಿಗೆ 1.2ರಿಂದ 1.6. ಸಾಹೇಬರಿಗೆ ನೂರು ಗ್ರಾಂ ಬಿತ್ತು. ಹುನಗುಂದದ ಎರಿ ಹೊಲ ತುಂಬ ಕಡಲೆ, ತೊಗರಿ, ಮನೆಯಲ್ಲಿ ಗಟ್ಟಿ ಮೊಸರು, ಅಂಗಡಿಯಲ್ಲಿ ತತ್ತಿ. ಟ್ರೇನರ್ ಮಾತ್ರ ಕಪ್ಪು ಡಬ್ಬಿ ತೋರಿಸಿದ. ಡಬ್ಬಿಯೊಳಗಿನದು ಏನೆಂದರೆ, ಹಾಲು ಒಡೆದಾಗ ನಮ್ಮವ್ವಂದಿರು ಬಸಿದು ಚೆಲ್ಲುತ್ತಿದ್ದ ನೀರನ್ನು ಒಣಗಿಸಿದ ಪುಡಿ. ಚೆಲ್ಲುವಾಗ ಪುಕ್ಕಟೆ ಇತ್ತು, ತಿರುಗಿ ಬರುವಾಗ ಸಾವಿರಗಟ್ಟಲೆ. ಸಾಹೇಬರು ಡಬ್ಬಿಯನ್ನೇ ಕೊಂಡರು; ಕಡಲೆಗೆ ಅಷ್ಟು ಘನತೆ ಇಲ್ಲ.

ಇದನ್ನೆಲ್ಲ ನೋಡಿ ನಗುವವರು ಕಚೇರಿಯ ತೆಳ್ಳನೆಯ ಗುಮಾಸ್ತರು. ಕೈಕಾಲು ಕಡ್ಡಿ, ತೂಕ 62. ಅವರ ನಗುವಿಗೂ ಒಂದು ಫೋಟೋ ಇದೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಅಕ್ಕಪಕ್ಕ ನಿಂತ ಚಿತ್ರ ಅಚ್ಚಾಯಿತು. ಇಬ್ಬರಿಗೂ ಎತ್ತರ-ತೂಕದ ಸೂಚ್ಯಂಕ 22.3. ಮೈಯೊಳಗಿನ ಕೊಬ್ಬು ನೋಡಿದರೆ ಲಂಡನ್ನಿನವರದು ಶೇಕಡಾ 9.1, ನಮ್ಮವರದು 21.2. ತೆಳ್ಳಗೆ ಕಾಣುವ ನಮ್ಮ ಗಂಡಸಿನ ಅಂಗಿ ಸರಿಸಿದರೆ ಒಳಗೊಂದು ಸಣ್ಣ ಗಣ ಕೂತಿರುತ್ತದೆ. ಸೊಂಟದ ಸುತ್ತಳತೆ ಗಂಡಸಿಗೆ 90 ಸೆಂಟಿಮೀಟರ್, ಹೆಂಗಸಿಗೆ 80 ದಾಟಬಾರದೆಂದು ಭಾರತೀಯರಿಗೆ ಗೆರೆ ಹಾಕಿದ್ದಾರೆ. ಊರಿನಲ್ಲಿ ಈ ಸತ್ಯ ಗೊತ್ತಿರುವವನು ಪ್ಯಾಂಟು ಹೊಲಿಯುವ ಟೇಲರ್ ಒಬ್ಬನೇ. ಅವನೂ ಗಿರಾಕಿಗೆ ನೋವಾಗದಿರಲೆಂದು ಇಂಚನ್ನು ಹುಡುಗನ ಕಿವಿಯಲ್ಲಿ ಹೇಳಿ ಬರೆಸುತ್ತಾನೆ.

ಆ ಐದು ಸಾಲಿನ ವಿಷಯಕ್ಕೆ ಮತ್ತೆ ಬರಲೇಬೇಕು. ಇಳಕಲ್ಲಿನ ಕುಣಿಮಗ್ಗದಲ್ಲಿ ನೇಕಾರ ಕೂತೇ ಕೆಲಸ ಮಾಡುತ್ತಾನೆ. ಕಾಲು ಕುಣಿಯೊಳಗೆ ಮೆಟ್ಟು ತುಳಿಯುತ್ತಿರುತ್ತದೆ, ಕೈ ಲಾಳಿ ಎಳೆಯುತ್ತಿರುತ್ತದೆ, ಬೆಳಗಿನಿಂದ ಸಂಜೆತನಕ. ಆ್ಯಪಿನ ಕಣ್ಣಿಗೆ ಅದು 'ಕುಳಿತು ಮಾಡುವ ಕೆಲಸ', 1.2. ನಮ್ಮ ಓಣಿಯ ಅಕ್ಕ ಒಬ್ಬಳ ಅಂಕಿಗಳನ್ನೂ ಅದೇ ಸೂತ್ರಕ್ಕೆ ಹಾಕಿ ನೋಡಿದೆ. ವಯಸ್ಸು 38, ತೂಕ 45, ಎತ್ತರ 150. ಮೂಲ ಖರ್ಚು 1037. ಉದ್ಯೋಗದ ಕಾಲಮ್ಮಿನಲ್ಲಿ ಎಲ್ಲ ಕಾಗದಪತ್ರಗಳಲ್ಲೂ ಅವಳು 'ಗೃಹಿಣಿ', ಹಾಗಾಗಿ 1.2, ದಿನಕ್ಕೆ 1244 ಕ್ಯಾಲರಿ ಉಂಡರೆ ಸಾಕು. ಗೃಹಿಣಿ ನಸುಕಿನಲ್ಲಿ ಎದ್ದು ಮನೆಗಾಗುವಷ್ಟು ರೊಟ್ಟಿ ಬಡಿದು, ಮಾಘದ ಬಿಸಿಲಲ್ಲಿ ಮಂದಿಯ ಹೊಲದಲ್ಲಿ ಜೋಳ ಕೀಳುತ್ತಾಳೆ. ಬೇರುಸಮೇತ, ಬಗ್ಗಿ, ಒಂದೊಂದೇ. ಕಡಲೆ ಕೀಳುವಾಗ ಅದರ ಹುಳಿಗೆ ಅಂಗೈ ಸುಲಿಯುತ್ತದೆ. ಬೇಸಿಗೆಗೆ ಉದ್ಯೋಗ ಖಾತ್ರಿಯ ಮಣ್ಣು. ಮಧ್ಯೆ ಬಿಡುವಾದಾಗ ಸಾಹೇಬರ ಮನೆಗೆ ರೊಟ್ಟಿ ಬಡಿದುಕೊಡುತ್ತಾಳೆ, ಯಾಕೆಂದರೆ ಬಾಯಾರಿಗೆ, ಅಂದರೆ ಸಾಹೇಬರ ಹೆಂಡತಿಗೆ, ಸಂಜೆ ಲೇಡೀಸ್ ಬ್ಯಾಚಿನಲ್ಲಿ ತೋಳು ಟೋನ್ ಮಾಡಿಕೊಳ್ಳುವ ಕ್ಲಾಸಿದೆ. ಬಾಯಾರನ್ನು ನಾನು ಆಡಿಕೊಳ್ಳುವುದಿಲ್ಲ, ಮನೆಯಲ್ಲಿ ಭಾರ ಎತ್ತುವ ಧೈರ್ಯ ಮಾಡಿದವರು ಅವರೊಬ್ಬರೇ. ಸೋಜಿಗವೆಂದರೆ ಒಂದೇ ರೊಟ್ಟಿಯಿಂದ ಒಬ್ಬರ ತೋಳು ಸವೆದು ಇನ್ನೊಬ್ಬರ ತೋಳು ಜೋಲುವ ಏರ್ಪಾಡು. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿ ತೆಗೆದರೆ, 55 ಕಿಲೋದ ಹೆಂಗಸು ಭಾರಿ ದುಡಿಮೆ ಮಾಡಿದರೆ ದಿನಕ್ಕೆ 2720 ಕ್ಯಾಲರಿ ಬೇಕು. ಅಕ್ಕನ ಮೈ 55 ಮುಟ್ಟಿದ್ದೇ ಇಲ್ಲ. ಮುಟ್ಟಲು ಬೇಕಾದದ್ದು ತಾಟಿಗೆ ಬಿದ್ದಿಲ್ಲ.

ಕ್ಯಾಲರಿ ಎಣಿಸುವುದು ಈ ಕಡೆಗೆ ಹೊಸದೇನೂ ಅಲ್ಲ. ದಿಲ್ಲಿಯವರು ನಮ್ಮ ಕ್ಯಾಲರಿಯನ್ನು ಎಂದೋ ಎಣಿಸಿದ್ದಾರೆ. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ ಬಡತನಕ್ಕೆ ರೇಖೆ ಎಳೆದದ್ದೇ ಕ್ಯಾಲರಿಯ ದಾರದಿಂದ: ಹಳ್ಳಿಯವನಿಗೆ ದಿನಕ್ಕೆ 2400, ಪಟ್ಟಣದವನಿಗೆ 2100, ಅಷ್ಟು ದಕ್ಕಿಸಿಕೊಳ್ಳುವಷ್ಟು ಖರ್ಚಿಗೆ ಗತಿಯಿಲ್ಲದವನು ಬಡವ. ಈಗ ಸಾಹೇಬರ ಪಥ್ಯ ನೋಡಿ. 2065. ಬರೀ 35 ಕ್ಯಾಲರಿಯಲ್ಲಿ ರೇಖೆಯ ಕೆಳಗೆ ಜಾರಿದರು. ಸಾಲನ್ನು ಸರಿಯಾಗಿ ಒತ್ತಿದ್ದರೆ 1486ಕ್ಕೆ ಬಂದು ಕಡುಬಡವರಾಗುತ್ತಿದ್ದರು. ಅಕ್ಕನ ಮನೆತನಕ್ಕೆ ತಲೆತಲಾಂತರದಿಂದ ಪುಕ್ಕಟೆ ಬಂದ ಸ್ಥಿತಿಗೆ ಸಾಹೇಬರು ತಿಂಗಳಿಗೆ ಫೀ ಕಟ್ಟಿ, ಟ್ರೇನರ್ ಇಟ್ಟುಕೊಂಡು, ಡಬ್ಬಿ ಕೊಂಡು ತಲುಪಬೇಕಾಗಿದೆ.

ಇನ್ನೂ ಒಂದು ಅಂಕಿ ಇದೆ. 1.2 ಇದ್ದವರು 1.55 ಎಂದು ಬೆರಳು ಒತ್ತಿದರಲ್ಲ, ಆ ಒಂದು ಒತ್ತಿಗೆ ಹೆಚ್ಚಾದ ಕ್ಯಾಲರಿ ದಿನಕ್ಕೆ 579. 2013ರ ಆಹಾರ ಭದ್ರತಾ ಕಾಯ್ದೆ ಒಂದು ತಲೆಗೆ ತಿಂಗಳಿಗೆ ಕೊಡುವುದು 5 ಕಿಲೋ ಧಾನ್ಯ. ಅಕ್ಕಿಯಾದರೆ ದಿನಕ್ಕೆ 167 ಗ್ರಾಂ, ಸುಮಾರು 580 ಕ್ಯಾಲರಿ. ಅಕ್ಕ ಅದಕ್ಕಾಗಿ ರೇಶನ್ ಅಂಗಡಿಯ ಮುಂದೆ ಪಾಳಿ ಹಚ್ಚಿ, ಯಂತ್ರದ ಮೇಲೆ ಹೆಬ್ಬೆರಳು ಒತ್ತಿ, ಸವೆದ ಗೆರೆ ಹತ್ತದಿದ್ದರೆ ಸೆರಗಿಗೆ ಒರೆಸಿ ಮತ್ತೆ ಒತ್ತಬೇಕು. ಸಾಹೇಬರ ಬೆರಳು ಮೊದಲನೆಯ ಸಲಕ್ಕೇ ಹತ್ತಿತು.

ಹೀಗಾಗಿ ನಾನೊಂದು ಯೋಜನೆ ತಯಾರಿಸಿ ಸಾಹೇಬರ ಮುಂದಿಟ್ಟೆ. ಊರಿನಲ್ಲಿ ಕ್ಯಾಲರಿ ಜಾಸ್ತಿಯಾಗಿವೆ, ಕರಗಿಸಲು ಜಾಗವಿಲ್ಲ. ಕೆರೆಯಲ್ಲಿ ಹೂಳು ಜಾಸ್ತಿಯಾಗಿದೆ, ಎತ್ತಲು ಮೈಗಳು ಸಾಲದು. ಜಿಮ್ಮಿನ ಬೆಳಗಿನ ಬ್ಯಾಚನ್ನು ಕೆರೆಯಂಗಳಕ್ಕೆ ವರ್ಗಾಯಿಸುವುದು. ಟ್ರೇನರ್ ಸೀಟಿ ಊದಲಿ. ಬಗ್ಗಿ ಸಲಿಕೆ ತುಂಬುವುದು ಒಂದು ಸೆಟ್, ಬುಟ್ಟಿ ತಲೆಗೇರಿಸುವುದು ಒಂದು ಸೆಟ್, ದಂಡೆ ಹತ್ತಿ ಸುರಿದು ಬರುವುದು ಕಾರ್ಡಿಯೋ. ಕೂಲಿ ಅಕ್ಕಂದಿರ ಖಾತೆಗೆ. ಸಾಹೇಬರಿಗೆ ವಿಚಾರ ಹಿಡಿಸಿತು. ಫೋಟೋ ಛಲೋ ಬರತಾವ ಅಂದರು, ಎರಡು ಬುಟ್ಟಿ ಹೊತ್ತಮೇಲೆ ಆ್ಯಪಿನಲ್ಲಿ 1.725 ಹಾಕಬಹುದೇ ಎಂದೂ ಕೇಳಿದರು.

ಖಾತ್ರಿ ಕೆಲಸದ ಗುಂಪಿಗೆ ಮುಂದಾಳಾಗಿರುವವರನ್ನು ನಮ್ಮ ಸರ್ಕಾರ ಕಾಯಕಬಂಧು ಎಂದು ಕರೆಯುತ್ತದೆ; ಕೂಡಲಸಂಗಮ ಇರುವ ತಾಲ್ಲೂಕಿಗೆ ಒಪ್ಪುವ ಹೆಸರು. ಕೆರೆಯ ಮೇಲಿನ ಕಾಯಕಬಂಧು ಹೆಣ್ಣುಮಗಳು. ಯೋಜನೆಯನ್ನು ಪೂರ್ತಿ ಕೇಳಿಸಿಕೊಂಡಳು. ಸಾಹೇಬರನ್ನು ಬೂಟಿನಿಂದ ನೆತ್ತಿಯತನಕ ಒಮ್ಮೆ ನೋಡಿದಳು.

"ಬ್ಯಾಡ್ರೀ ಯಪ್ಪಾ," ಅಂದಳು. "ಇಲ್ಲಿ ಪಗಾರ ಬೀಳೂದು ಮಣ್ಣಿನ ಅಳತಿ ಮ್ಯಾಲ. ಸಾಹೇಬ್ರು ಗುಂಪಿನ್ಯಾಗ ಸೇರಿದ್ರ ತಲಿ ಒಂದ್ ಹೆಚ್ಚಾಗತೈತಿ, ಮಣ್ಣು ಹೆಚ್ಚಾಗಂಗಿಲ್ಲ. ಎಲ್ಲಾರ ಕೂಲಿ ಕಡಿಮಿ ಬೀಳತೈತಿ."